ಹೆಸರುಳ್ಳ ಚೀಲದ ಬೆಲೆ

(ವಿಜಯಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)

ಟಿಕೋಟಾದ ಒಣದ್ರಾಕ್ಷಿ ಪೆಟ್ಟಿಗೆಯ ತೂಕ 15 ಕಿಲೋ. ಅದಕ್ಕೆ ಇನ್ನೈದು ಕಿಲೋ ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ಕಾಫಿ ಬೀಜ 2025ರ ಆಗಸ್ಟ್‌ನಲ್ಲಿ ಪನಾಮಾ ದೇಶದ ಹರಾಜಿನಲ್ಲಿ ಮಾರಾಟವಾಯಿತು. ಕಿಲೋಗೆ 30,204 ಡಾಲರ್. 20 ಕಿಲೋಗೆ 6,04,080 ಡಾಲರ್, ಅಂದರೆ ಐದು ಕೋಟಿ ರೂಪಾಯಿಗೂ ಹೆಚ್ಚು. ಬೆಳೆದದ್ದು ಬೊಕೇಟೆ ಬೆಟ್ಟಸೀಮೆಯ ಹಸಿಯೆಂಡಾ ಲಾ ಎಸ್ಮೆರಾಲ್ಡಾ ತೋಟ, ತಳಿಯ ಹೆಸರು ಗೇಶಾ, ಕೊಂಡದ್ದು ದುಬೈನ ಜೂಲಿತ್ ಎಂಬ ಕಾಫಿ ಸಂಸ್ಥೆ. ಅದೇ ವಾರ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಸಾಮಾನ್ಯ ಅರೇಬಿಕಾ ಕಾಫಿಯ ಬೆಲೆ ಕಿಲೋಗೆ ಹತ್ತು ಡಾಲರ್ ಕೂಡ ಇರಲಿಲ್ಲ. ಒಂದೇ ಜಾತಿಯ ಗಿಡ, ಒಂದೇ ಬಗೆಯ ಕೆಂಪು ಹಣ್ಣು. ಬೆಲೆಯಲ್ಲಿ ಮೂರು ಸಾವಿರ ಪಟ್ಟಿಗೂ ಮಿಕ್ಕಿದ ಅಂತರ.

ಈ ಅಂತರ ಎಲ್ಲಿ ಹುಟ್ಟುತ್ತದೆ? ಮಣ್ಣಿನಲ್ಲೋ, ಮರದಲ್ಲೋ, ನಾಲಿಗೆಯಲ್ಲೋ, ಇಲ್ಲ ಕಾಗದದಲ್ಲೋ? ಪ್ರಶ್ನೆ ಕಾಫಿಯದಾದರೂ ಅದರ ಉತ್ತರ ಚಹಾ ಕುಡಿಯುವ ಈ ಊರಿಗೂ ಬೇಕಾದದ್ದು. ಟಿಕೋಟಾ, ಬಬಲೇಶ್ವರದ ಹೊಲಗಳಲ್ಲಿ ಬೆಳೆಯುವ ದ್ರಾಕ್ಷಿಯೂ ಗಿಡದಿಂದ ನೇರವಾಗಿ ಹಣವಾಗುವುದಿಲ್ಲ. ಕೊಯ್ದು, ಅದ್ದಿ, ಒಣಗಿಸಿ, ಆರಿಸಿ, ಪೆಟ್ಟಿಗೆ ಕಟ್ಟಿ, ಪರರ ಊರಿನ ಸವಾಲಿಗೆ ಒಯ್ದ ಮೇಲೆಯೇ ಅದರ ಬೆಲೆ ಗೊತ್ತಾಗುವುದು. ಆರು ಕಿಲೋ ಕಾಫಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಬೀಜ; ನಾಲ್ಕು ಕಿಲೋ ದ್ರಾಕ್ಷಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಎರಡೂ ಒಣಗಿಸುವವರ ಬೆಳೆ.

ಮೊದಲು ಗೇಶಾದ ಕಥೆ. ಇಥಿಯೋಪಿಯಾದ ಗೇಶಾ ಸೀಮೆಯ ಕಾಡಿನಿಂದ 1930ರ ದಶಕದಲ್ಲಿ ಸಂಗ್ರಹಿಸಿದ ಬೀಜ ಅದು. ಪೂರ್ವ ಆಫ್ರಿಕಾದ ಸಂಶೋಧನಾ ಕೇಂದ್ರಗಳನ್ನು ದಾಟಿ, ಕೋಸ್ಟರಿಕಾಕ್ಕೆ ಹೋಗಿ, 1960ರ ದಶಕದಲ್ಲಿ ಪನಾಮಾ ಸೇರಿತು. ರೋಗ ತಡೆಯುತ್ತದೆಂಬ ಆಸೆಯಿಂದ ನೆಟ್ಟರು. ಇಳುವರಿ ಕಡಿಮೆಯೆಂದು ಬೆಳೆಗಾರರು ಬೇಸರಪಟ್ಟರು. ಎಸ್ಮೆರಾಲ್ಡಾ ತೋಟದ ಪೀಟರ್‌ಸನ್ ಕುಟುಂಬ 1996ರಲ್ಲಿ ಕೊಂಡ ಹರಮಿಯೋ ಎಂಬ ಹೊಸ ಜಮೀನಿನ ಎತ್ತರದ ಮೂಲೆಯಲ್ಲೂ ಆ ಮರಗಳಿದ್ದವು. ವರ್ಷವರ್ಷವೂ ಅವುಗಳ ಹಣ್ಣು ತೋಟದ ಉಳಿದ ಹಣ್ಣಿನೊಂದಿಗೆ ಬೆರೆತು ಹೋಗುತ್ತಿತ್ತು. ಕೊನೆಗೆ ಅವರು ತೋಟವನ್ನು ತುಂಡುತುಂಡಾಗಿ ಕೊಯ್ದು, ಒಂದೊಂದು ಪಾಲನ್ನೂ ಬೇರೆಬೇರೆಯಾಗಿ ರುಚಿ ನೋಡಿದರು. ಒಂದು ಪಾಲು ಮಲ್ಲಿಗೆಯಂತೆ, ಕಿತ್ತಳೆ ಸಿಪ್ಪೆಯಂತೆ ಘಮಘಮಿಸಿತು. 2004ರ ಹರಾಜಿನಲ್ಲಿ ಆ ಪಾಲಿಗೆ ಪೌಂಡ್‌ಗೆ 21 ಡಾಲರ್ ಸಿಕ್ಕಿತು. ಆಗ ಮಾರುಕಟ್ಟೆಯ ದರ ಪೌಂಡ್‌ಗೆ ಒಂದು ಡಾಲರ್‌ಗೂ ಕಡಿಮೆ. 2007ರಲ್ಲಿ ಅದು 130 ಡಾಲರ್ ಆಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಮರ 2004ರಲ್ಲಿ ಹುಟ್ಟಿದ್ದಲ್ಲ. ಮಣ್ಣು ಬದಲಾಗಲಿಲ್ಲ, ಮಳೆ ಬದಲಾಗಲಿಲ್ಲ. ಬೇರ್ಪಡಿಸಿ ಇಟ್ಟರು, ಅಷ್ಟೇ. ಬೆರೆತಿದ್ದಾಗ ಆ ಪರಿಮಳಕ್ಕೆ ಬೆಲೆಯೇ ಇರಲಿಲ್ಲ. ಬೇರೆ ಚೀಲದಲ್ಲಿ ಬೇರೆ ಹೆಸರಿನಿಂದ ಕೂತಾಗ ಜಗತ್ತು ತಿರುಗಿ ನೋಡಿತು.

ಕರ್ನಾಟಕದ ಕಾಫಿ ಇದಕ್ಕೆ ಸರಿಯಾಗಿ ತದ್ವಿರುದ್ಧವಾದ ದಾರಿಯಲ್ಲಿ ಅರ್ಧ ಶತಮಾನ ನಡೆಯಿತು. 1930ರ ದಶಕದಲ್ಲಿ ಜಗತ್ತಿನ ಬೆಲೆ ಕುಸಿಯಿತು. ಆಮೇಲೆ ಎರಡನೆಯ ಮಹಾಯುದ್ಧ ಬಂದು ಯುರೋಪಿನ ಬಾಗಿಲುಗಳು ಮುಚ್ಚಿದವು. ಬೆಳೆಗಾರ ಬೀದಿಗೆ ಬೀಳುವ ಸ್ಥಿತಿ. ಆಗ ಬಂದದ್ದು 1942ರ ಕಾಫಿ ಕಾಯ್ದೆ ಮತ್ತು ಅದರ ಪೂಲ್ ಪದ್ಧತಿ. ಕೊಡಗಿನವರಾಗಲಿ, ಚಿಕ್ಕಮಗಳೂರಿನವರಾಗಲಿ, ಸಕಲೇಶಪುರದವರಾಗಲಿ ಕಾಫಿಯನ್ನು ಕಾಫಿ ಮಂಡಳಿಯ ಪರವಾಗಿ, ಬೀಜ ಸುಲಿದು ಹಸನುಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸಬೇಕು. ಅಲ್ಲಿ ಬೀಜದ ಗಾತ್ರ, ದೋಷ ನೋಡಿ ದರ್ಜೆ ಕಟ್ಟುತ್ತಿದ್ದರು. ಎಲ್ಲರ ಕಾಫಿಯೂ ಒಂದು ರಾಶಿ ಸೇರಿ, ಮಂಡಳಿಯ ಹರಾಜಿನಲ್ಲಿ ಮಾರಾಟವಾಗಿ, ಹಣ ಕಂತುಕಂತಾಗಿ ಬರುತ್ತಿತ್ತು. ಪ್ಲಾಂಟೇಶನ್ ಎ, ಪೀಬೆರ್ರಿ, ರೊಬಸ್ಟಾ ಚೆರ್ರಿ ಎಂಬ ದರ್ಜೆಯ ಹೆಸರುಗಳು ಉಳಿದವು. ತೋಟದ ಹೆಸರು ರಾಶಿಯಲ್ಲಿ ಕರಗಿಹೋಯಿತು.

ಪೂಲ್ ಪದ್ಧತಿಯನ್ನು ಹಗುರಾಗಿ ಟೀಕಿಸುವುದು ನ್ಯಾಯವಲ್ಲ. ಯುದ್ಧದ ಕಾಲದಲ್ಲಿ ಸಣ್ಣ ಬೆಳೆಗಾರನ ಒಲೆ ಆರದಂತೆ ಕಾದದ್ದು ಅದೇ. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು ಸಣ್ಣವು. ಅಂಥವರಿಗೆ ಖಾತ್ರಿಯ ಕೊಳ್ಳುಗ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿ ಕೊಯ್ದವನಿಗೂ, ಕಾಯಿ ಹಣ್ಣು ಒಟ್ಟಿಗೇ ಉದುರಿಸಿದವನಿಗೂ ದರ್ಜೆ ಒಂದೇ ಆದರೆ ಹಣವೂ ಒಂದೇ. ರುಚಿಗೆ ಬೆಲೆಯಿಲ್ಲವಾದಾಗ ರುಚಿಯ ಚಿಂತೆ ಯಾರಿಗೆ? ರೂಪಾಯಿ ವ್ಯಾಪಾರದಲ್ಲಿ ಕಾಫಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಅದಕ್ಕೂ ಮೊದಲೇ, 1989ರಲ್ಲಿ, ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಬಿದ್ದುಹೋಗಿತ್ತು. 1992ರಿಂದ ಪೂಲ್ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಪಡೆದ.

ಸ್ವಾತಂತ್ರ್ಯ ಬಂತು, ರುಚಿ ಅಳೆಯುವವರು ಬೇಕಾಯಿತು. ಕಾಫಿ ಮಂಡಳಿಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಗುಣಮಟ್ಟ ನೋಡಿಕೊಂಡಿದ್ದ ಸುನಾಲಿನಿ ಮೆನನ್ 1990ರ ದಶಕದಲ್ಲಿ ಹೊರಬಂದು ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಸ್ಥಾಪಿಸಿದರು. ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿತಜ್ಞೆ ಎಂದು ಅವರನ್ನು ಜಗತ್ತು ಗುರುತಿಸುತ್ತದೆ. ಬೆಳೆಗಾರನ ಕೈಯಲ್ಲಿ ಅದುವರೆಗೆ ತಕ್ಕಡಿಯಿತ್ತು, ಮಾಯಿಶ್ಚರ್ ಮೀಟರ್ ಇತ್ತು. ತನ್ನ ಕಾಫಿಯ ರುಚಿಯ ಬಗ್ಗೆ ಬರೆದುಕೊಟ್ಟ ಒಂದು ಹಾಳೆ ಇರಲಿಲ್ಲ. ಆ ಹಾಳೆ ಕೈಗೆ ಬಂದದ್ದೇ ನಿಜವಾದ ಬದಲಾವಣೆ.

ರುಚಿ ನೋಡುವ ಮೇಜನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದೊಂದು ಮಾದರಿಗೂ ಐದೈದು ಬಟ್ಟಲು. ಪ್ರತಿ ಬಟ್ಟಲಿಗೆ ತೂಗಿ ಹಾಕಿದ 8.25 ಗ್ರಾಂ ಪುಡಿ, 150 ಮಿಲಿ ಬಿಸಿನೀರು. ಹಾಲಿಲ್ಲ, ಸಕ್ಕರೆಯಿಲ್ಲ. ಪುಡಿ ಮೇಲೆದ್ದು ಕೆನೆಯಂತೆ ಹೊದಿಕೆ ಕಟ್ಟುತ್ತದೆ. ನಾಲ್ಕು ನಿಮಿಷ ಮಾತಿಲ್ಲ. ಆಮೇಲೆ ಬಾಗಿ, ಮೂಗನ್ನು ಬಟ್ಟಲಿನ ಅಂಚಿಗೆ ತಂದು, ಚಮಚದ ಬೆನ್ನಿನಿಂದ ಆ ಹೊದಿಕೆಯನ್ನು ಮೆಲ್ಲಗೆ ಒಡೆಯುತ್ತಾರೆ. ಬಿಸಿ ಹಬೆಯೊಂದಿಗೆ ಪರಿಮಳ ಮೇಲೇಳುವ ಆ ಗಳಿಗೆಯಲ್ಲೇ ಅರ್ಧ ತೀರ್ಪು ಆಗಿರುತ್ತದೆ. ಬಿಸಿ ಇಳಿದ ಮೇಲೆ ಚಮಚದಿಂದ ಸುರ್ರೆಂದು ಸದ್ದು ಬರುವಂತೆ ಎಳೆದು, ನಾಲಿಗೆ ಪೂರ್ತಿ ಹರಡಿ, ಉಗುಳುತ್ತಾರೆ. ಪರಿಮಳ, ರುಚಿ, ಹುಳಿ, ಮೈಕಟ್ಟು, ಸಿಹಿ, ಬಾಯಲ್ಲಿ ಉಳಿಯುವ ನಂತರದ ಸವಿ ಹೀಗೆ ಹತ್ತು ಅಂಶ, ಒಂದೊಂದಕ್ಕೂ ಹತ್ತು ಅಂಕ. ನೂರಕ್ಕೆ ಎಂಬತ್ತು ಮುಟ್ಟಿದರೆ ಅದು ಸ್ಪೆಶಾಲಿಟಿ ಕಾಫಿ. ಈ ಪದವನ್ನು 1974ರಲ್ಲಿ ಎರ್ನಾ ಕ್ನುಟ್ಸನ್ ಎಂಬ ಅಮೆರಿಕದ ಕಾಫಿ ವ್ಯಾಪಾರಿ ಮಹಿಳೆ ಬಳಕೆಗೆ ತಂದರು. ಈಚೆಗೆ ಅಂಕದ ಪದ್ಧತಿಯೂ ಬದಲಾಗುತ್ತಿದೆ; ಆದರೂ ಎಂಬತ್ತು ಎಂಬ ಗೆರೆ ವ್ಯಾಪಾರದ ಮಾತಿನಲ್ಲಿ ಗಟ್ಟಿಯಾಗಿ ಕೂತಿದೆ.

ಇದನ್ನು ಮಲೆನಾಡಿನ ಊರಪೇಟೆಯ ವ್ಯಾಪಾರದೊಂದಿಗೆ ಹೋಲಿಸಿ ನೋಡಬೇಕು. ಅಲ್ಲಿ ರೊಬಸ್ಟಾ ಚೆರ್ರಿ ತಂದರೆ ವ್ಯಾಪಾರಿ ಒಂದು ಹಿಡಿ ತೆಗೆದು ಸಿಪ್ಪೆ ಸುಲಿಸಿ ತೂಗುತ್ತಾನೆ. 50 ಕಿಲೋ ಚೀಲದಲ್ಲಿ ಎಷ್ಟು ಕಿಲೋ ಬೀಜ ಬರುತ್ತದೆ ಎಂಬುದೇ ಓಟಿ, ಅಂದರೆ ಔಟ್‌ಟರ್ನ್. 26 ಓಟಿ, 28 ಓಟಿ ಎಂದು ಲೆಕ್ಕ. ತೇವಾಂಶ ನೋಡುತ್ತಾನೆ, ಕೊರಕ ಹುಳದ ತೂತು ನೋಡುತ್ತಾನೆ. ಕುದಿಸಿ ಕುಡಿಯುವುದಿಲ್ಲ. ಕುಡಿಯುವ ವಸ್ತುವಿನ ವ್ಯಾಪಾರದಲ್ಲಿ ಕುಡಿದು ನೋಡುವವರೇ ಇಲ್ಲ! ಆತನಲ್ಲಿ ತಪ್ಪಿಲ್ಲ, ಅವನ ಚೀಲ ಮುಂದೆ ದೊಡ್ಡ ರಾಶಿಗೆ ಸೇರಲಿದೆ, ರಾಶಿಗೆ ರುಚಿಯ ಹೆಸರಿಲ್ಲ.

ರಾಶಿಯ ಬೆಲೆ ಬೆಳೆಗಾರನ ಕೈಯಲ್ಲಿಲ್ಲ. 2001ರ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡ್‌ಗೆ 50 ಸೆಂಟ್‌ಗಿಂತ ಕೆಳಗಿಳಿದಾಗ ಕರ್ನಾಟಕದ ಎಷ್ಟೋ ತೋಟಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲ. 2025ರ ಫೆಬ್ರುವರಿಯಲ್ಲಿ ಅದೇ ಬೆಲೆ ನಾಲ್ಕು ಡಾಲರ್ ದಾಟಿತು. ಬ್ರೆಜಿಲ್‌ನಲ್ಲಿ ಬರ, ವಿಯೆಟ್ನಾಂನಲ್ಲಿ ಬರ, ಸಂತೋಷ ಚಿಕ್ಕಮಗಳೂರಿನಲ್ಲಿ. ಹೊಟ್ಟಿನ ಸಮೇತ ಒಣಗಿಸಿದ ಅರೇಬಿಕಾ, ಅಂದರೆ ಪಾರ್ಚ್‌ಮೆಂಟ್‌ನ 50 ಕಿಲೋ ಚೀಲ 20,000 ರೂಪಾಯಿ ದಾಟಿತು. ಎರಡೂ ಕಾಲದಲ್ಲಿ ಬೆಳೆಗಾರ ಮಾಡಿದ ಕೆಲಸ ಒಂದೇ.

ಈ ಏರಿಳಿತದಿಂದ ಹೊರಬರುವ ದಾರಿಯೆಂದು ಸ್ಪೆಶಾಲಿಟಿಯನ್ನು ಹೊಗಳುವವರುಂಟು. ಅದರ ಲೆಕ್ಕ ಅಷ್ಟು ಸರಳವಲ್ಲ. 20,000 ರೂಪಾಯಿ ಚೀಲ ಎಂದರೆ ಪಾರ್ಚ್‌ಮೆಂಟ್ ಕಿಲೋಗೆ 400. ಹೊಟ್ಟು ತೆಗೆದರೆ ಐದರಲ್ಲಿ ಒಂದು ಪಾಲು ತೂಕ ಹೋಗುತ್ತದೆ. ಹಸಿರು ಬೀಜ ಕಿಲೋಗೆ 500. ಹುರಿದರೆ ಮತ್ತೆ ಆರರಲ್ಲೊಂದು ಪಾಲು ಆವಿ; ಹುರಿದ ಬೀಜದ ಅಸಲು 600. ಬೆಂಗಳೂರಿನ ಹುರಿಗಾರರ ಅಂಗಡಿಯಲ್ಲಿ ಕಾಲು ಕಿಲೋ ಪೊಟ್ಟಣ 500 ರೂಪಾಯಿ ಆಸುಪಾಸು, ಕಿಲೋಗೆ 2,000. ನಡುವಿನ 1,400 ಪೂರ್ತಿ ಲಾಭವೆಂದು ತಿಳಿದರೆ ತಪ್ಪಾಗುತ್ತದೆ. ಬಾಡಿಗೆ, ಗ್ಯಾಸ್, ಕೂಲಿ, ಪೊಟ್ಟಣ, ಸಾಗಣೆ, ಹಳತಾಗಿ ಉಳಿದ ಸರಕು ಎಲ್ಲವೂ ಅದರಲ್ಲಿವೆ. ಆದರೂ ಪೊಟ್ಟಣದ ಮೇಲೆ ತೋಟದ ಹೆಸರು ಅಚ್ಚಾದದ್ದರಿಂದಲೇ ಆ 2,000 ಬಂತು ಎನ್ನುವುದು ನಿಜ. ಆ ಹೆಸರಿನ ಬಾಡಿಗೆಯಲ್ಲಿ ಬೆಳೆಗಾರನಿಗೆಷ್ಟು ಎಂಬುದೇ ಈ ವ್ಯಾಪಾರದ ಜೀವದ ಪ್ರಶ್ನೆ.

ಬೆಳೆಗಾರನ ಕಡೆಯ ಖರ್ಚು ಹೀಗಿದೆ. ಒಂದೇ ಸಲ ಕೊಯ್ಯುವ ಬದಲು ಹಣ್ಣಾದದ್ದನ್ನಷ್ಟೇ ಆರಿಸಲು ನಾಲ್ಕೈದು ಸುತ್ತು ಕೊಯ್ಲು. ನೆಲದ ಕಣದ ಬದಲು ಎತ್ತರಿಸಿದ ಜಾಲರಿ ಮಂಚ. ಎರಡು ಪಟ್ಟು ದಿನ ಒಣಗಿಸುವಿಕೆ. ಡಿಸೆಂಬರ್, ಜನವರಿಯ ಅಕಾಲ ಮಳೆ ಬಂದರೆ ಮಂಚದ ಮೇಲಿನದ್ದೆಲ್ಲ ನೀರುಪಾಲು. ಹತ್ತು ಚೀಲದ ಸಣ್ಣ ಪಾಲನ್ನು ಬೇರೆಯಾಗಿ ಸುಲಿಯಲು ದೊಡ್ಡ ಕ್ಯೂರಿಂಗ್ ಘಟಕಗಳು ಉತ್ಸಾಹ ತೋರುವುದಿಲ್ಲ. ಊರ ವ್ಯಾಪಾರಿ ಅಂದೇ ಹಣ ಎಣಿಸುತ್ತಾನೆ. ಸ್ಪೆಶಾಲಿಟಿ ಕೊಳ್ಳುಗ ಮಾದರಿ ಕೇಳಿ, ರುಚಿ ನೋಡಿ, ತಿಂಗಳುಗಟ್ಟಲೆ ಕಳೆದು ಕೊಡುತ್ತಾನೆ. ತೋಟದ ನೂರು ಚೀಲದಲ್ಲಿ ಹತ್ತಕ್ಕೆ ಹೆಸರಿನ ಬೆಲೆ ಸಿಕ್ಕರೆ ತೊಂಬತ್ತು ರಾಶಿಗೇ ಹೋಗುತ್ತವೆ. ಪೇಟೆಯ ದರವೇ ಆಕಾಶಕ್ಕೇರಿದ 2025ರಂಥ ವರ್ಷ ಈ ಎಲ್ಲ ತಾಪತ್ರಯ ಯಾಕೆ ಎಂದು ಬೆಳೆಗಾರ ಕೇಳುವುದು ಸಹಜವೇ. ಉತ್ತರ ಸಿಗುವುದು 2001ರಂಥ ವರ್ಷದಲ್ಲಿ.

ಹಾಗಿದ್ದೂ ಹಿಡಿದು ನಿಂತವರಿದ್ದಾರೆ. ಆಲ್ದೂರಿನ ಕೆರೆಹಕ್ಲು, ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್, ಸಕಲೇಶಪುರದ ಹಾರ್ಲೆ, ಮಲೆನಾಡಿನ ರತ್ನಗಿರಿ ಇವು ಇಂದು ದೆಹಲಿ, ಮುಂಬಯಿಯ ಪೊಟ್ಟಣಗಳ ಮೇಲೆ ಓದಿಸಿಕೊಳ್ಳುವ ಹೆಸರುಗಳು. 2013ರಲ್ಲಿ ದೆಹಲಿಯಲ್ಲಿ ಶುರುವಾದ ಬ್ಲೂ ಟೋಕಾಯ್‌ನಂಥ ಹುರಿಗಾರರು ತೋಟದ ಹೆಸರನ್ನೇ ಮುಂದಿಟ್ಟು ಮಾರಿದರು. ಕೀಳೆಂದು ಕರೆಸಿಕೊಂಡಿದ್ದ ರೊಬಸ್ಟಾಕ್ಕೂ ಮರ್ಯಾದೆ ಬಂತು: ಮಾಗುಂಡಿಯ ಸೇತುರಾಮನ್ ಎಸ್ಟೇಟ್ ತೊಳೆದ ರೊಬಸ್ಟಾವನ್ನು ಹೆಸರಿನಿಂದ ಮಾರಿ ತೋರಿಸಿತು. ಇಟಲಿಯ ಎಸ್ಪ್ರೆಸೊ ಮಿಶ್ರಣಗಳಲ್ಲಿ ಕರ್ನಾಟಕದ ತೊಳೆದ ರೊಬಸ್ಟಾ ಲಂಡನ್ ಮಾರುಕಟ್ಟೆಯ ದರಕ್ಕಿಂತ ಮೇಲಿನ ಬೆಲೆ ಪಡೆಯುತ್ತದೆ.

ಹೆಸರಿನಿಂದ ಬೆಲೆ ಹುಟ್ಟುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. ಹಾಯಿಹಡಗುಗಳ ಕಾಲದಲ್ಲಿ ಮಂಗಳೂರು ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾ ಸುತ್ತಿ ಯುರೋಪ್ ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದವು. ಸಮುದ್ರದ ತೇವಕ್ಕೆ ಹಸಿರು ಬೀಜ ಉಬ್ಬಿ, ಬಂಗಾರದ ಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಕುಡಿಯುವವರು ಅದಕ್ಕೇ ಒಗ್ಗಿಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು, ಕಾಫಿ ಬೇಗ ತಲುಪಿದಾಗ ಹಳೆಯ ರುಚಿ ಸಿಗದೆ ಗ್ರಾಹಕರು ಗೊಣಗಿದರು. ಕರಾವಳಿಯ ಕ್ಯೂರಿಂಗ್ ಮನೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜವನ್ನು ಮುಂಗಾರು ಗಾಳಿಗೆ ಹರವಿ ಅದೇ ರುಚಿಯನ್ನು ಕಟ್ಟಿಕೊಟ್ಟವು. ಅದೇ ಮಾನ್ಸೂನ್ಡ್ ಮಲಬಾರ್. ಸಾಗಣೆಯಲ್ಲಿ ಕೆಟ್ಟದ್ದೇ ಬೆಲೆಯುಳ್ಳ ಹೆಸರಾಯಿತು, ಮುಂದೆ ಭೌಗೋಳಿಕ ಗುರುತನ್ನೂ ಪಡೆಯಿತು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಅದೇ ಗುರುತು ಸಿಕ್ಕಿತು.

ಹೆಸರಿಗೆ ಬೆಲೆ ಬಂದ ಕಡೆ ಕಳ್ಳತನವೂ ಬರುತ್ತದೆ. ಹವಾಯಿಯ ಕೋನಾ ಕಾಫಿಗೆ ಬೇಡಿಕೆ ಏರಿದಾಗ ಮಧ್ಯ ಅಮೆರಿಕದ ಅಗ್ಗದ ಬೀಜವನ್ನು ಕೋನಾ ಎಂದು ವರ್ಷಗಟ್ಟಲೆ ಮಾರಿದ ವಂಚನೆ 1996ರಲ್ಲಿ ಬಯಲಾಯಿತು. ಪುನುಗು ಬೆಕ್ಕು ತಿಂದು ವಿಸರ್ಜಿಸಿದ ಬೀಜದ ಕೋಪಿ ಲುವಾಕ್ ಕಾಡಿನದೆಂದು ಹೇಳಿ ಮಾರಿದರೂ, ಇಂಡೊನೇಷ್ಯಾದಲ್ಲಿ ಬೆಕ್ಕುಗಳನ್ನು ಪಂಜರದಲ್ಲಿಟ್ಟು ಬರೀ ಕಾಫಿ ಹಣ್ಣು ತಿನ್ನಿಸುವುದನ್ನು 2013ರಲ್ಲಿ ಬಿಬಿಸಿ ತೋರಿಸಿತು. ಕೊಡಗಿನಲ್ಲೂ ಅಂಥ ಕಾಫಿಯ ಪ್ರಯೋಗ ನಡೆದಿದೆ. ಮೂಕಪ್ರಾಣಿಯ ಸಂಕಟದ ಮೇಲೆ ನಿಂತ ಬೆಲೆಯನ್ನು ಅಪರೂಪವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಇನ್ನು ಹರಾಜಿನ ಕೋಟಿಗಳ ಮಾತು. ದುಬೈನವರು ಆ 20 ಕಿಲೋಗೆ ಕೊಟ್ಟದ್ದು ಕಾಫಿಯ ಬೆಲೆಯಷ್ಟೇ ಅಲ್ಲ, ಜಾಹೀರಾತಿನ ಬೆಲೆಯೂ ಹೌದು. ಆ ವರ್ಷದ ಕೊನೆಗೆ ಅದರ ಒಂದು ಕಪ್ಪನ್ನು ಸಾವಿರ ಡಾಲರ್ ಹತ್ತಿರಕ್ಕೆ ಮಾರಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹೆಸರು ಮಾಡಿದರು. ಈ ಸೀಮೆಗೆ ಸವಾಲಿನ ಮನಸ್ಸು ಗೊತ್ತಿಲ್ಲದ್ದಲ್ಲ. ಕೆಲವು ವರ್ಷಗಳ ಹಿಂದೆ ಜಮಖಂಡಿ ತಾಲ್ಲೂಕಿನ ಚಿಕ್ಕಲಕಿ ಜಾತ್ರೆಯಲ್ಲಿ ಮಾಳಿಂಗರಾಯನ ತೆಂಗಿನಕಾಯಿ 6.5 ಲಕ್ಷ ರೂಪಾಯಿಗೆ ಹೋಯಿತು. ಅಲ್ಲಿ ಭಕ್ತಿ, ಇಲ್ಲಿ ವ್ಯಾಪಾರ. ಎರಡೂ ಕಡೆ ಬೆಲೆ ನಿಂತದ್ದು ವಸ್ತುವಿನ ತೂಕದ ಮೇಲಲ್ಲ. ಆದರೆ ಎಸ್ಮೆರಾಲ್ಡಾದ ಜಾಣತನ ಬೇರೆಯೇ: ಒಂದು ಹರಾಜಿನ ಕೀರ್ತಿಯನ್ನು ಅವರು ವರ್ಷವರ್ಷವೂ ಉಳಿದ ನೂರಾರು ಚೀಲಗಳ ಮಾರಾಟಕ್ಕೆ ಹಚ್ಚಿದರು, ಸ್ವಂತ ಹರಾಜನ್ನೂ ಕಟ್ಟಿದರು.

ಅಪರೂಪವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ವಿಜಯಪುರದ ಇತಿಹಾಸದಲ್ಲೇ ಸಾಕ್ಷಿಯಿದೆ. 1604ರ ಸುಮಾರಿಗೆ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಬಂದ ಅಕ್ಬರನ ದೂತ ಅಸದ್ ಬೇಗ್ ಇಲ್ಲಿ ಮೊದಲ ಬಾರಿಗೆ ತಂಬಾಕು ಕಂಡ. ಬೆರಗಾಗಿ ಅದನ್ನೂ ರತ್ನಖಚಿತ ಕೊಳವೆಯನ್ನೂ ಕೊಂಡೊಯ್ದು ಬಾದಶಹನ ಮುಂದಿಟ್ಟ. ಅಂದು ರಾಜರಿಗೆ ಒಪ್ಪುವ ಕಾಣಿಕೆಯಾಗಿದ್ದದ್ದು ಬೇಗನೆ ಅಂಗಡಿಯ ಸರಕಾಯಿತು, ಹೊಲದ ಬೆಳೆಯಾಯಿತು. ಗೋಳಗುಮ್ಮಟ ಎದ್ದ ಅದೇ ಶತಮಾನದಲ್ಲಿ ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದು ಐತಿಹ್ಯ. ಆ ಶತಮಾನದ ಕೊನೆಗೆ ಡಚ್ಚರು ಮಲಬಾರಿನಿಂದ ಜಾವಾಕ್ಕೆ ಸಸಿ ಒಯ್ದರು, ಯೆಮೆನ್‌ನ ಏಕಸ್ವಾಮ್ಯ ಮುರಿಯಿತು. ಗೇಶಾ ಕೂಡ ಈಗ ಕೊಲಂಬಿಯಾ, ಕೋಸ್ಟರಿಕಾಗಳ ಬೆಟ್ಟಗಳಿಗೆ ಹಬ್ಬಿದೆ. ತಳಿ ಹಂಚಿಹೋಗುತ್ತದೆ. ತೋಟದ ಹೆಸರನ್ನು ಮಾತ್ರ ಒಯ್ದು ನೆಡಲಾಗದು.

ಟಿಕೋಟಾದ ಶೆಡ್ಡುಗಳಿಗೆ ಮರಳಿದರೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಜಾಲರಿಯ ಹಂತಹಂತದ ರ್‍ಯಾಕ್‌ಗಳ ಮೇಲೆ ದ್ರಾಕ್ಷಿ ಒಣಗುತ್ತದೆ. ಒಂದು ರ್‍ಯಾಕ್‌ನದು ಹಸಿರಾಗಿ ಬರುತ್ತದೆ, ಪಕ್ಕದ್ದು ಕಂದುತ್ತದೆ. ಒಂದು ಹೊಲದ್ದು ಸಿಹಿ ಮುಂದು, ಇನ್ನೊಂದರ ಸಿಪ್ಪೆ ತೆಳು. ಬೆಳೆದವನಿಗೆ ಇದೆಲ್ಲ ಬಾಯಿಪಾಠ. ಪೆಟ್ಟಿಗೆ ತಾಸಗಾಂವ, ಸಾಂಗ್ಲಿಯ ಸೌದಾಕ್ಕೆ ಹೋದ ಮೇಲೆ ಉಳಿಯುವುದು ಬಣ್ಣ, ಗಾತ್ರ ಮತ್ತು ಕಿಲೋದ ದರ. ವಿಜಯಪುರದ ಎಪಿಎಂಸಿಯಲ್ಲಿ ಆನ್‌ಲೈನ್ ವ್ಯಾಪಾರ ಬಂದರೂ ತೂಗುವುದು ಅದನ್ನೇ. ಮುಂಬಯಿಯಲ್ಲಿ ಪೊಟ್ಟಣ ಒಡೆದು ತಿನ್ನುವವರಿಗೆ ಟಿಕೋಟಾ ಎಂಬ ಊರಿದೆಯೆಂದೇ ಗೊತ್ತಿಲ್ಲ. ಇದು 1942ರಿಂದ 1996ರವರೆಗೆ ಕಾಫಿ ನಿಂತಿದ್ದ ಜಾಗವೇ. ಇಂಡಿಯ ನಿಂಬೆಗೆ ಭೌಗೋಳಿಕ ಗುರುತು ಸಿಕ್ಕಿ ಅದು ಹೊರದೇಶಕ್ಕೆ ಆ ಹೆಸರಿನಲ್ಲೇ ಹೋಗುತ್ತಿರುವುದು ಪಕ್ಕದ ತಾಲ್ಲೂಕಿನ ಉದಾಹರಣೆ. ಗುರುತಿನ ಪತ್ರವೊಂದೇ ಸಾಲದು. ಪ್ರತಿ ಪೆಟ್ಟಿಗೆಯ ಹಿಂದೆ ಹೊಲದ ಲೆಕ್ಕ ಇರಬೇಕು.

ಇದಕ್ಕೆ ಕೋಟಿ ಬಂಡವಾಳ ಬೇಡ. ಬರುವ ಹಂಗಾಮಿನಲ್ಲಿ ಟಿಕೋಟಾ, ಬಬಲೇಶ್ವರದ ಒಬ್ಬೊಬ್ಬ ಬೆಳೆಗಾರರೂ ತಮ್ಮ ಅತ್ಯುತ್ತಮ ರ್‍ಯಾಕ್ ಒಂದನ್ನು ರಾಶಿಗೆ ಸೇರಿಸದೆ ಬೇರೆ ಇಡಲಿ. ಅದರ ಮೇಲೆ ಊರು, ಹೊಲ, ತಳಿ, ಕೊಯ್ದ ದಿನ, ಒಣಗಿದ ದಿನಗಳ ಲೆಕ್ಕ ಬರೆಯಲಿ. ಹತ್ತು ಜನರ ಹತ್ತು ಪೆಟ್ಟಿಗೆಗಳನ್ನು ಒಂದು ಮೇಜಿನ ಮೇಲಿಟ್ಟು, ಬೆಳೆದವರೇ ಕಣ್ಣುಮುಚ್ಚಿ ತಿಂದು ಅಂಕ ಹಾಕಲಿ. ಆ ಮೇಜನ್ನು ಹಾಕಲು ಈ ನಗರದ ಕಾಲೇಜುಗಳೂ ಸಹಕಾರ ಸಂಘಗಳೂ ಮುಂದೆ ಬರಬೇಕು, ಮತ್ತು ಇದೇ ಫೆಬ್ರುವರಿಯಲ್ಲಿ ಬರಬೇಕು.